ಎಲುಬು ವಿಭಾಗದ ಬಾಗಿಲಲ್ಲಿ ನಮ್ಮ ಮಕ್ಕಳು ಕಲಿಯುವುದೇನು?

ಪ್ರತಿ ವರ್ಷ ಪಿಯುಸಿ ಫಲಿತಾಂಶ ಪ್ರಕಟವಾದ ಬೆನ್ನಿಗೇ ನಮ್ಮ ಪಟ್ಟಣಗಳ ಮನೆಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ವಿಜ್ಞಾನ ಓದಿದ ಮಗಳು ಮುಂದೇನು ಮಾಡಬೇಕು? ವೈದ್ಯಕೀಯ ಸೀಟು ಎಲ್ಲರ ಕೈಗೆಟಕುವಂಥದ್ದಲ್ಲ. ಆಗ ಕೇಳಿಬರುವ ಹೆಸರು ನರ್ಸಿಂಗ್. ಒಂದು ಕಾಲದಲ್ಲಿ ಈ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ ಮನೆಗಳಿಂದಲೇ ಇಂದು ಹೆಣ್ಣುಮಕ್ಕಳೂ ಗಂಡುಮಕ್ಕಳೂ ನರ್ಸಿಂಗ್ ಕಾಲೇಜಿನ ಮೆಟ್ಟಿಲೇರುತ್ತಿದ್ದಾರೆ. ಇದು ಸಂತೋಷದ ಬೆಳವಣಿಗೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಪ್ರವೇಶದ ಸಂದರ್ಭದಲ್ಲಿ ಹೆತ್ತವರು ಕೇಳುವ ಪ್ರಶ್ನೆಗಳನ್ನು ಗಮನಿಸಿ. ಶುಲ್ಕ ಎಷ್ಟು? ಹಾಸ್ಟೆಲ್ ಇದೆಯೇ? ವಿದೇಶದಲ್ಲಿ ಕೆಲಸ ಸಿಗುತ್ತದೆಯೇ? ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಕೇಳುವವರು ವಿರಳ: ಈ ಮಗು ತನ್ನ ಕೆಲಸವನ್ನು ಯಾವ ಆಸ್ಪತ್ರೆಯಲ್ಲಿ, ಯಾವ ರೋಗಿಗಳ ಮುಂದೆ, ಯಾರ ಕೈಕೆಳಗೆ ಕಲಿಯಲಿದೆ? ನರ್ಸಿಂಗ್ ಎಂಬುದು ಕೊಠಡಿಯಲ್ಲಿ ಕುಳಿತು ಬಾಯಿಪಾಠ ಮಾಡಿ ಮುಗಿಸುವ ವಿದ್ಯೆಯಲ್ಲ. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಇರಲಿ, ಮೂರು ವರ್ಷಗಳ ಜಿ.ಎನ್.ಎಂ. ಇರಲಿ, ಅದರ ದೊಡ್ಡ ಪಾಲು ಆಸ್ಪತ್ರೆಯ ವಿಭಾಗಗಳಲ್ಲೇ ಕಳೆಯಬೇಕು. ಇದಕ್ಕೆ ಪೋಸ್ಟಿಂಗ್ ಎನ್ನುತ್ತಾರೆ. ಆ ಪೋಸ್ಟಿಂಗ್ ಸರಿಯಿದ್ದರೆ ಶುಶ್ರೂಷಕಿ ತಯಾರಾಗುತ್ತಾಳೆ. ಇಲ್ಲವಾದರೆ ಕೇವಲ ಪ್ರಮಾಣಪತ್ರ ತಯಾರಾಗುತ್ತದೆ.

ಈ ಮಾತನ್ನು ಒಂದೇ ಒಂದು ವಿಭಾಗದ ಉದಾಹರಣೆಯ ಮೂಲಕ ಪರಿಶೀಲಿಸಲು ನಾವು ಬಯಸುತ್ತೇವೆ. ಅದು ಎಲುಬು ಮತ್ತು ಕೀಲು ರೋಗಗಳ ಹೊರರೋಗಿ ವಿಭಾಗ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಾಗಲಿ, ಬೆಂಗಳೂರಿನ ಸಂಜಯ ಗಾಂಧಿ ಸಂಸ್ಥೆಯಾಗಲಿ, ಯಾವುದೇ ಜಿಲ್ಲಾಸ್ಪತ್ರೆಯಾಗಲಿ, ಬೆಳಗ್ಗೆ ಒಪಿಡಿ ಚೀಟಿ ಹಿಡಿದು ಉದ್ದನೆಯ ಸಾಲು ನಿಲ್ಲುವ ವಿಭಾಗಗಳಲ್ಲಿ ಇದೂ ಒಂದು. ಶಸ್ತ್ರಚಿಕಿತ್ಸಾ ಕೊಠಡಿ ಅಥವಾ ತುರ್ತು ನಿಗಾ ಘಟಕದ ಗಾಂಭೀರ್ಯ ಇದಕ್ಕಿಲ್ಲ. ಆದ್ದರಿಂದಲೇ ವಿದ್ಯಾರ್ಥಿಗಳು ಇದನ್ನು 'ಸುಲಭದ ಪೋಸ್ಟಿಂಗ್' ಎಂದು ಭಾವಿಸುತ್ತಾರೆ. ಕಾಲೇಜುಗಳೂ ಹಾಗೆಯೇ ಭಾವಿಸುತ್ತವೆ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ.

ಆ ಸಾಲಿನಲ್ಲಿ ನಿಂತವರು ಯಾರು? ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 4.61 ಲಕ್ಷ ರಸ್ತೆ ಅಪಘಾತಗಳು ಸಂಭವಿಸಿ 1.68 ಲಕ್ಷ ಮಂದಿ ಸತ್ತರು, 4.43 ಲಕ್ಷ ಮಂದಿ ಗಾಯಗೊಂಡರು ಎಂದು ಕೇಂದ್ರ ಸರಕಾರದ ಅಂಕಿಅಂಶಗಳೇ ಹೇಳುತ್ತವೆ. ಸತ್ತವರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಬದುಕುಳಿದು ಕೈಕಾಲು ಮುರಿದುಕೊಂಡವರು ತಿಂಗಳುಗಟ್ಟಲೆ ಈ ವಿಭಾಗದ ಬೆಂಚುಗಳ ಮೇಲೆ ಕಾಯುತ್ತಾರೆ. ಅವರ ಪಕ್ಕದಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ವೃದ್ಧೆ ಇರುತ್ತಾರೆ. ಅಡಿಕೆ ಮರದಿಂದ ಬಿದ್ದ ಕೂಲಿಕಾರ ಇರುತ್ತಾನೆ. ದಿನವಿಡೀ ಬಾಗಿ ಕುಳಿತು ಬೀಡಿ ಕಟ್ಟಿ ಕುತ್ತಿಗೆ, ಬೆನ್ನು ನೋವು ಹತ್ತಿಸಿಕೊಂಡ ಕರಾವಳಿಯ ತಾಯಂದಿರು ಇರುತ್ತಾರೆ. ಮೊಣಕಾಲು ಸವೆದು ನೆಲಕ್ಕೆ ಕೂರಲಾಗದವರು, ಪಾದ ತಿರುಚಿಕೊಂಡು ಹುಟ್ಟಿದ ಹಸುಳೆಯನ್ನು ಮಡಿಲಲ್ಲಿಟ್ಟುಕೊಂಡ ಎಳೆಯ ತಾಯಂದಿರು ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಬಡವರು. ವೈದ್ಯರಿಗೆ ಒಬ್ಬೊಬ್ಬರಿಗೂ ಕೊಡಲು ಸಿಗುವುದು ಕೆಲವೇ ನಿಮಿಷ.

ಇಲ್ಲಿ ಒಂದು ಸೂಕ್ಷ್ಮವನ್ನು ಅರ್ಥ ಮಾಡಿಕೊಳ್ಳಬೇಕು. ವಾರ್ಡಿನಲ್ಲಿ ದಾಖಲಾದ ರೋಗಿಯನ್ನು ರಾತ್ರಿಯಿಡೀ ನೋಡಿಕೊಳ್ಳಲು ನರ್ಸ್ ಇರುತ್ತಾರೆ. ಹೊರರೋಗಿ ಹಾಗಲ್ಲ. ಪ್ಲಾಸ್ಟರ್ ಹಾಕಿಸಿಕೊಂಡವನು ಅದೇ ದಿನ ರಿಕ್ಷಾ ಹತ್ತಿ ಮನೆಗೆ ಹೋಗುತ್ತಾನೆ. ಆ ರಾತ್ರಿ ಅವನ ಶುಶ್ರೂಷಕಿ ಅವನ ಹೆಂಡತಿ ಅಥವಾ ತಾಯಿ. ಅವರಿಗೆ ಏನು ಗೊತ್ತಿರಬೇಕೋ ಅದನ್ನು ವಿಭಾಗದ ಬಾಗಿಲು ದಾಟುವ ಮುನ್ನವೇ ಯಾರಾದರೂ ಹೇಳಿರಬೇಕು. ಹೀಗಾಗಿ ಎಲುಬು ವಿಭಾಗದ ಹೊರರೋಗಿಗೆ ಹೇಳುವ ಮಾತೂ ಚಿಕಿತ್ಸೆಯೇ. ಆ ಮಾತು ಹೇಳುವ ಕಲೆಯೇ ಅಲ್ಲಿಗೆ ಬರುವ ವಿದ್ಯಾರ್ಥಿನಿ ಕಲಿಯಬೇಕಾದ ಮೊದಲ ಪಾಠ.

ಇದು ಎಷ್ಟು ಗಂಭೀರ ಎಂಬುದಕ್ಕೆ ಪ್ಲಾಸ್ಟರನ್ನೇ ತೆಗೆದುಕೊಳ್ಳೋಣ. ಮುರಿದ ಕೈ ಒಳಗೊಳಗೇ ಊದುತ್ತದೆ. ಹೊರಗಿನ ಪ್ಲಾಸ್ಟರ್ ಊದಿಕೊಳ್ಳುವುದಿಲ್ಲ. ಒತ್ತಡ ಮಿತಿ ಮೀರಿದರೆ ಸ್ನಾಯುಗಳಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಹಾಗೆ ರಕ್ತವಿಲ್ಲದೆ ಸುಮಾರು ಆರು ಗಂಟೆ ಕಳೆದರೆ ಸ್ನಾಯುವಿಗೆ ಆಗುವ ಹಾನಿಯನ್ನು ಮತ್ತೆ ಸರಿಪಡಿಸುವುದು ಕಷ್ಟ. ಬೆರಳುಗಳು ಶಾಶ್ವತವಾಗಿ ಮಡಚಿಕೊಂಡು ಕೈ ನಿಷ್ಪ್ರಯೋಜಕವಾಗುವ ಈ ಸ್ಥಿತಿಯನ್ನು ಜರ್ಮನ್ ಶಸ್ತ್ರವೈದ್ಯ ರಿಚರ್ಡ್ ವಾನ್ ವೋಕ್‌ಮನ್ 1881ರಲ್ಲೇ ವಿವರಿಸಿದ್ದರು. ಅಂದರೆ ಇದು ಹೊಸ ಜ್ಞಾನವಲ್ಲ. ಮಾತ್ರೆ ನುಂಗಿದರೂ ಏರುತ್ತಲೇ ಹೋಗುವ ನೋವು, ಬೆರಳನ್ನು ಮೆಲ್ಲನೆ ನೇರ ಮಾಡಿದರೆ ಚೀರುವಂತಾಗುವುದು, ಬೆರಳು ಬಿಳಿಚಿಕೊಳ್ಳುವುದು ಅಥವಾ ನೀಲಿಗಟ್ಟುವುದು, ಜುಮುಗುಟ್ಟುವುದು, ಮರಗಟ್ಟುವುದು - ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಿ ಬರಬೇಕು. ಇಷ್ಟನ್ನು ರೋಗಿಯ ಭಾಷೆಯಲ್ಲಿ ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಸಿಗದೆ ಹೋದರೆ ಒಂದು ಮಗು ತನ್ನ ಬಲಗೈಯನ್ನೇ ಕಳೆದುಕೊಳ್ಳಬಹುದು. 'ಪ್ಲಾಸ್ಟರ್ ಹಾಕಿದರೆ ನೋವು ಇದ್ದದ್ದೇ' ಎಂದು ಮನೆಯವರು ಸಮಾಧಾನ ಹೇಳುತ್ತಾ ಕುಳಿತ ಒಂದು ರಾತ್ರಿ ಅದಕ್ಕೆ ಸಾಕು.

ಇನ್ನೂ ಸಣ್ಣದೆಂದು ತೋರುವ ಸಂಗತಿಗಳಿವೆ. ಪ್ಲಾಸ್ಟರ್ ಪೂರ್ತಿ ಒಣಗಲು ಒಂದರಿಂದ ಮೂರು ದಿನ ಬೇಕು. ಅಲ್ಲಿಯವರೆಗೆ ಅದನ್ನು ಬೆರಳ ತುದಿಗಳಿಂದ ಒತ್ತಿ ಹಿಡಿಯಬಾರದು, ಅಂಗೈಯ ಮೇಲೆ ಎತ್ತಿ ಹಿಡಿಯಬೇಕು. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಡಬೇಕು. ಒಳಗೆ ತುರಿಸಿದರೆ ಕಡ್ಡಿ, ಬಾಚಣಿಗೆ ತೂರಿಸಬಾರದು. ಕಂಕುಳಡಿಯ ಊರುಗೋಲು ಕೊಟ್ಟರೆ ಭಾರವನ್ನು ಅಂಗೈಗಳ ಮೇಲೆ ಹಾಕಬೇಕೇ ಹೊರತು ಕಂಕುಳ ಮೇಲಲ್ಲ. ಹಾಗೆ ನೇತಾಡಿಕೊಂಡು ನಡೆದರೆ ನರ ಒತ್ತಿ ಕೈಯೇ ಸೋಲಬಹುದು. ಮೆಟ್ಟಿಲೇರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೈಗೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ನಮ್ಮ ಬೀದಿಯಲ್ಲಿ ಕೋಲೂರಿ ನಡೆಯುವ ಎಷ್ಟು ಮಂದಿ ಹಿರಿಯರಿಗೆ ಈ ಕೊನೆಯ ಮಾತು ಗೊತ್ತಿದೆ? ಅವರಿಗೆ ಹೇಳಿದವರು ಯಾರು?

ಪಾದ ತಿರುಚಿ ಹುಟ್ಟಿದ ಮಗುವಿನ ವಿಷಯವಂತೂ ಪೂರ್ತಿಯಾಗಿ ಈ ಮಾತಿನ ಮೇಲೆಯೇ ನಿಂತಿದೆ. ಅಮೆರಿಕದ ಅಯೋವಾದಲ್ಲಿದ್ದ ವೈದ್ಯ ಇಗ್ನಾಸಿಯೋ ಪೊನ್ಸೆಟಿ ರೂಪಿಸಿದ ವಿಧಾನ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತಾ ಸಾಮಾನ್ಯವಾಗಿ ಐದಾರು ವಾರಗಳಲ್ಲಿ ಪಾದವನ್ನು ನೇರ ಮಾಡುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುವುದು ವಿರಳ. ಆದರೆ ಆ ಬಳಿಕ ಮಗುವಿಗೆ ವಿಶೇಷ ಪಾದರಕ್ಷೆಯನ್ನು ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಹಗಲಿರುಳು, ಅನಂತರ ನಾಲ್ಕೈದು ವರ್ಷ ತುಂಬುವವರೆಗೆ ನಿದ್ದೆಯ ಹೊತ್ತಿನಲ್ಲಿ ಹಾಕಲೇಬೇಕು. 'ಕಾಲು ಸರಿಯಾಯಿತಲ್ಲ' ಎಂದು ತಾಯಿ ಅದನ್ನು ಬಿಚ್ಚಿಟ್ಟರೆ ಪಾದ ಮರಳಿ ತಿರುಚಿಕೊಳ್ಳುತ್ತದೆ. ಅತ್ತೆ, ನೆರೆಯವರು, ನೆಂಟರು 'ಪಾಪ, ಮಗುವಿಗೆ ಯಾಕಿಷ್ಟು ಹಿಂಸೆ' ಎನ್ನುವಾಗ ಆ ತಾಯಿಗೆ ಧೈರ್ಯ ತುಂಬುವವರು ಬೇಕು. ವೈದ್ಯರ ಕೌಶಲವನ್ನು ವರ್ಷಗಳ ಕಾಲ ಕಾಯುವುದು ಶುಶ್ರೂಷಕಿಯ ಮಾತು.

ನಮ್ಮ ಸಮುದಾಯದ ರೋಗಿಗಳ ಮಟ್ಟಿಗೆ ಇನ್ನೂ ಕೆಲವು ಸಂಗತಿಗಳಿವೆ. ರಮಝಾನ್ ತಿಂಗಳಲ್ಲಿ ಕೀಲುನೋವಿನ ಮಾತ್ರೆಯನ್ನು ಯಾವಾಗ ನುಂಗಬೇಕು? ಇಂಥ ಬಹುತೇಕ ಮಾತ್ರೆಗಳು ಖಾಲಿ ಹೊಟ್ಟೆಯಲ್ಲಿ ಜಠರಕ್ಕೆ ಹಾನಿಕರ. ವೈದ್ಯರಲ್ಲಿ ಕೇಳಲು ಹಿರಿಯರು ಸಂಕೋಚಪಡುತ್ತಾರೆ. ತಾವೇ ತೋಚಿದಂತೆ ಮಾಡಿಕೊಳ್ಳುತ್ತಾರೆ. ಮೊಣಕಾಲು ಸವೆದ ತಾಯಿ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವುದು ತನ್ನ ಭಕ್ತಿಯ ಕೊರತೆ ಎಂದು ಕೊರಗುತ್ತಾರೆ. ನಿಲ್ಲಲಾಗದವರು ಕುಳಿತು ನಿರ್ವಹಿಸಲಿ ಎಂದು ಪ್ರವಾದಿಯವರೇ(ಸ) ಕಲಿಸಿದ್ದಾರೆಂದು ನೆನಪಿಸುವ ಮೃದು ಮಾತು ಅಲ್ಲಿ ಯಾವ ಔಷಧಿಗೂ ಕಡಿಮೆಯಲ್ಲ. ಬ್ಯಾರಿ ಅಥವಾ ದಖನಿ ಉರ್ದು ಮಾತ್ರ ಬಲ್ಲ ವೃದ್ಧೆಗೆ ಕನ್ನಡವೂ ಇಂಗ್ಲಿಷೂ ಬೆರೆತ ಸೂಚನೆಗಳು ಅರ್ಥವಾಗುವುದಿಲ್ಲ. ಅವರು ತಲೆಯಾಡಿಸಿ ಹೊರಬರುತ್ತಾರೆ. ಅರ್ಥವಾಗದೆ ಹೊರಬಂದವರು ಮುಂದಿನ ಬಾರಿ ಆಸ್ಪತ್ರೆಗೇ ಬಾರದೆ ನಾಟಿ ಕಟ್ಟು ಹುಡುಕಿಕೊಂಡು ಹೋಗುತ್ತಾರೆ. ಆಂಧ್ರದ ಪುತ್ತೂರಿನ ಹೆಸರಿನ ಕಟ್ಟಿನ ಫಲಕಗಳು ನಮ್ಮ ನಗರಗಳಲ್ಲೂ ಕಾಣಸಿಗುವುದು ಸುಮ್ಮನೆ ಅಲ್ಲ. ನಾಟಿ ವೈದ್ಯನ ಕೈಗುಣದ ಮಾತು ಹಾಗಿರಲಿ, ಅವನು ರೋಗಿಯ ಜೊತೆ ಕುಳಿತು ಮಾತಾಡುತ್ತಾನೆ ಎಂಬುದನ್ನು ಒಪ್ಪಲೇಬೇಕು. ಎಕ್ಸ್‌ರೇ ಇಲ್ಲದೆ ಬಿಗಿಯಾಗಿ ಕಟ್ಟಿದ ಕಟ್ಟಿನಿಂದಾಗುವ ಅನಾಹುತವನ್ನು ಭಾಷಣದಿಂದ ತಡೆಯಲಾಗದು. ಆಸ್ಪತ್ರೆಯಲ್ಲಿ ರೋಗಿಗೆ ಮಾತು ಸಿಗುವಂತಾದರೆ ತಡೆಯಬಹುದು.

ಈಗ ವಾಸ್ತವಕ್ಕೆ ಬರೋಣ. ಈ ವಿಭಾಗಕ್ಕೆ ಬರುವ ನಮ್ಮ ವಿದ್ಯಾರ್ಥಿನಿ ಬೆಳಗಿನಿಂದ ಮಧ್ಯಾಹ್ನದವರೆಗೆ ಮಾಡುವುದೇನು? ಬಹಳಷ್ಟು ಕಡೆಗಳಲ್ಲಿ ಎರಡರಲ್ಲೊಂದು. ಒಂದೋ ಅವಳು ಬಾಗಿಲಲ್ಲಿ ನಿಂತು ಚೀಟಿಯ ನಂಬರು ಕೂಗುತ್ತಾಳೆ, ಎಕ್ಸ್‌ರೇ ಫಿಲ್ಮುಗಳನ್ನು ಜೋಡಿಸುತ್ತಾಳೆ, ಸಾಲು ನೇರ ಮಾಡುತ್ತಾಳೆ. ಅಂದರೆ ಸಂಬಳವಿಲ್ಲದ ಆಳಾಗುತ್ತಾಳೆ. ಇಲ್ಲವೇ ಹತ್ತು ಹದಿನೈದು ಮಂದಿ ಸಹಪಾಠಿಗಳೊಂದಿಗೆ ಗೋಡೆಗೊರಗಿ ನಿಂತು ಗಡಿಯಾರ ನೋಡುತ್ತಾಳೆ. ಕಾಲೇಜಿನ ಬೋಧಕಿ ಬೆಳಗ್ಗೆ ಹಾಜರಿ ತೆಗೆದುಕೊಂಡು ಹೊರಟುಹೋಗುತ್ತಾರೆ. ವಿಭಾಗದ ಸ್ಟಾಫ್ ನರ್ಸ್‌ಗೆ ತನ್ನ ಕೆಲಸವೇ ತಲೆಗೇರಿರುತ್ತದೆ. ಪೋಸ್ಟಿಂಗ್ ಮುಗಿಯುವ ದಿನ ಲಾಗ್ ಬುಕ್ಕಿನಲ್ಲಿ ಮಾತ್ರ ಎಲ್ಲವೂ ತುಂಬಿರುತ್ತದೆ: ಪ್ಲಾಸ್ಟರ್ ಹಾಕಲು ನೆರವಾದದ್ದು, ರೋಗಿಗೆ ಆರೋಗ್ಯ ಶಿಕ್ಷಣ ನೀಡಿದ್ದು, ನಡಿಗೆ ಕಲಿಸಿದ್ದು. ಸಹಿಯೂ ಬಿದ್ದಿರುತ್ತದೆ. ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯುವುದನ್ನು ಹತ್ತೊಂಬತ್ತರ ಹರೆಯದಲ್ಲಿ ಕಲಿತವಳಿಂದ ನಾಳೆ ನಮ್ಮ ತಾಯಿಯ ರಕ್ತದೊತ್ತಡವನ್ನು ನಿಜಕ್ಕೂ ಅಳೆದು ಬರೆಯಬೇಕೆಂದು ನಿರೀಕ್ಷಿಸುವುದು ಹೇಗೆ?

ಇದಕ್ಕೆ ವಿದ್ಯಾರ್ಥಿನಿಯನ್ನು ದೂರಿ ಫಲವಿಲ್ಲ. ನಮ್ಮ ರಾಜ್ಯದಲ್ಲಿ ನರ್ಸಿಂಗ್ ಕಾಲೇಜುಗಳು ಬೆಳೆದ ವೇಗದಲ್ಲಿ ಅವುಗಳ ಆಸ್ಪತ್ರೆಗಳು ಬೆಳೆಯಲಿಲ್ಲ. ಕಟ್ಟಡವೊಂದರ ಎರಡು ಮಹಡಿಗಳಲ್ಲಿ ಕಾಲೇಜು ತೆರೆದು, ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ತುಂಬಿ ಸರಕಾರಿ ಆಸ್ಪತ್ರೆಗೆ ಕಳಿಸುವವರಿದ್ದಾರೆ. ಒಂದೇ ವಿಭಾಗಕ್ಕೆ ಹಲವು ಕಾಲೇಜುಗಳಿಂದ ಏಕಕಾಲಕ್ಕೆ ವಿದ್ಯಾರ್ಥಿಗಳು ಬಂದಿಳಿದರೆ ಅಲ್ಲಿ ಕಲಿಕೆಗೆ ಜಾಗವೆಲ್ಲಿ? ಅಂಥ ಸಂಸ್ಥೆಗಳಲ್ಲಿ ನಮ್ಮ ಸಮುದಾಯದವರು ನಡೆಸುವವೂ ಇದ್ದರೆ ಅವುಗಳಿಗೆ ಯಾವ ರಿಯಾಯಿತಿಯನ್ನೂ ತೋರಬೇಕಾಗಿಲ್ಲ. ಸಮುದಾಯದ ಹೆಸರಿನಲ್ಲಿ ಶುಲ್ಕ ಪಡೆದು ಕಲಿಸದಿರುವುದು ಎರಡು ಪಟ್ಟು ಅನ್ಯಾಯ.

'ಇಷ್ಟು ಜನಜಂಗುಳಿಯಲ್ಲಿ ಕಲಿಸಲು ಪುರುಸೊತ್ತೆಲ್ಲಿ?' ಎಂದು ಆಸ್ಪತ್ರೆಗಳು ಕೇಳಬಹುದು. ಪ್ರಶ್ನೆ ಸಹಜವಾದದ್ದೇ. ಆದರೆ ಆ ಜಂಗುಳಿಯಲ್ಲಿ ಪುರುಸೊತ್ತು ಇರುವ ಏಕೈಕ ವ್ಯಕ್ತಿ ವಿದ್ಯಾರ್ಥಿನಿಯೇ ಅಲ್ಲವೇ? ವೈದ್ಯರಿಗಿಲ್ಲದ, ಸ್ಟಾಫ್ ನರ್ಸ್‌ಗಿಲ್ಲದ ಸಮಯ ಅವಳಲ್ಲಿದೆ. ಅದನ್ನು ಗೋಡೆಗೊರಗಿಸಿ ವ್ಯರ್ಥ ಮಾಡುವ ಬದಲು ರೋಗಿಯ ಪಕ್ಕದಲ್ಲಿ ಕೂರಿಸಬಾರದೇಕೆ?

ಎಲುಬು ಶುಶ್ರೂಷೆಯ ಇತಿಹಾಸವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಆಗ್ನೆಸ್ ಹಂಟ್ ಬಾಲ್ಯದಲ್ಲೇ ಸೊಂಟದ ಸೋಂಕಿನಿಂದ ಅಂಗವಿಕಲರಾದವರು. ನರ್ಸ್ ಆಗಿ ತರಬೇತಿ ಪಡೆದು 1900ರಲ್ಲಿ ಬಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಮಕ್ಕಳಿಗಾಗಿ ಆರೈಕೆ ಮನೆ ತೆರೆದರು. ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಅವರ ಜೊತೆಗೂಡಿದರು. ಆಸ್ಪತ್ರೆಯಿಂದ ಗುಣವಾಗಿ ಹೋದ ಮಕ್ಕಳು ಮನೆಯಲ್ಲಿ ಆರೈಕೆ ತಪ್ಪಿ ಮತ್ತೆ ಕೆಡಬಾರದೆಂದು ಸುತ್ತಲಿನ ಊರುಗಳಲ್ಲಿ ಹೊರರೋಗಿ ಕೇಂದ್ರಗಳನ್ನು ಕಟ್ಟಿದ್ದು ಅವರ ದೊಡ್ಡ ಸಾಧನೆ. ಚಿಕಿತ್ಸೆ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲವೆಂದು ನೂರು ವರ್ಷಗಳ ಹಿಂದೆಯೇ ಕಂಡುಕೊಂಡವರು ಒಬ್ಬ ಶುಶ್ರೂಷಕಿ. ಆಸ್ವೆಸ್ಟ್ರಿಯ ಎಲುಬು ಆಸ್ಪತ್ರೆ ಇಂದಿಗೂ ಈ ಇಬ್ಬರ ಹೆಸರನ್ನು ಹೊತ್ತಿದೆ.

ಹಾಗಾದರೆ ಆಗಬೇಕಾದುದೇನು? ಕೋಟಿಗಟ್ಟಲೆ ಹಣ ಬೇಡುವ ಯೋಜನೆಯೇನೂ ಅಲ್ಲ. ಮೊದಲನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿನಿಯೂ ದಿನಕ್ಕೆ ಒಬ್ಬ ರೋಗಿಯನ್ನಾದರೂ ಆತನ ಒಪ್ಪಿಗೆ ಪಡೆದು ಚೀಟಿ ಕೌಂಟರಿನಿಂದ ಎಕ್ಸ್‌ರೇ ಕೊಠಡಿಗೆ, ಅಲ್ಲಿಂದ ವೈದ್ಯರ ಬಳಿಗೆ, ಪ್ಲಾಸ್ಟರ್ ಕೊಠಡಿಗೆ, ಔಷಧಿ ಕೊಡುವಲ್ಲಿಗೆ, ಕೊನೆಗೆ ಗೇಟಿನವರೆಗೆ ಜೊತೆಗೂಡಲಿ. ಆಸ್ಪತ್ರೆ ರೋಗಿಯ ಕಣ್ಣಿಗೆ ಹೇಗೆ ಕಾಣುತ್ತದೆಂಬುದನ್ನು ಅವಳಿಗೆ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಕಲಿಸದು. ಎರಡನೆಯದಾಗಿ, ಪ್ಲಾಸ್ಟರ್ ಹಾಕಿಸಿಕೊಂಡ ಯಾರೂ ಮನೆಯಲ್ಲಿ ಪಾಲಿಸಬೇಕಾದ ಸೂಚನೆಗಳನ್ನು ಕೇಳಿಸಿಕೊಳ್ಳದೆ, ಕೇಳಿದ್ದನ್ನು ಮರಳಿ ತಮ್ಮ ಬಾಯಲ್ಲಿ ಹೇಳದೆ ಹೊರಹೋಗದಂತೆ ಆಗಲಿ. ವಿದ್ಯಾರ್ಥಿನಿ ಹೇಳುವಾಗ ಅನುಭವಿ ನರ್ಸ್ ಒಬ್ಬರು ಆಲಿಸುತ್ತಿರಲಿ, ತಪ್ಪಿದರೆ ತಿದ್ದಲಿ. ಮೂರನೆಯದಾಗಿ, ಕಲಿಸುವ ಹೊಣೆ ಹೊತ್ತ ನರ್ಸ್‌ನ ಹೆಸರು ನಿಗದಿಯಾಗಿರಲಿ. ಆ ಹೊಣೆಗಾಗಿ ಆಕೆಗೆ ಸಮಯವೂ ಗೌರವಧನವೂ ಸಿಗಲಿ. ನಾಲ್ಕನೆಯದಾಗಿ, ಒಂದು ವಿಭಾಗಕ್ಕೆ ಒಮ್ಮೆಗೆ ಎಷ್ಟು ವಿದ್ಯಾರ್ಥಿಗಳೆಂಬ ಮಿತಿಯನ್ನು ಆಸ್ಪತ್ರೆಯೇ ವಿಧಿಸಲಿ.

ಇಲ್ಲಿ ರೋಗಿಯ ಮಾನದ ಪ್ರಶ್ನೆಯೂ ಇದೆ. ಸೊಂಟ, ಬೆನ್ನು, ತೊಡೆಯ ಪರೀಕ್ಷೆಗಾಗಿ ಬಟ್ಟೆ ಸರಿಸಬೇಕಾದ ಮಹಿಳೆಯ ಸುತ್ತ ಹತ್ತಾರು ವಿದ್ಯಾರ್ಥಿಗಳು ನಿಂತು ನೋಡುವುದು ಕಲಿಕೆಯಲ್ಲ. ಪರದೆ ಎಳೆಯುವುದು, ಅಗತ್ಯವಿರುವಷ್ಟೇ ಭಾಗವನ್ನು ತೆರೆಯುವುದು, ರೋಗಿಯ ಕೈ ಹಿಡಿದು ನಿಲ್ಲುವುದು ಇವು ಶುಶ್ರೂಷೆಯ ಮೂಲಪಾಠಗಳು. ಪರೀಕ್ಷೆಯ ವೇಳೆ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆಂಬ ಒಂದೇ ಭರವಸೆಯಿಂದ ನೋವು ನುಂಗಿ ಮನೆಯಲ್ಲೇ ಕುಳಿತ ಎಷ್ಟೋ ತಾಯಂದಿರು ಆಸ್ಪತ್ರೆಗೆ ಬಂದಾರು. ಅದು ಧರ್ಮಭೇದವಿಲ್ಲದೆ ಎಲ್ಲ ಮಹಿಳೆಯರ ಹಕ್ಕು.

ಇನ್ನು ನಮ್ಮ ಮನೆಗಳ ಕಡೆಗೂ ನೋಡಬೇಕು. 'ಮಗಳಿಗೆ ಒಪಿಡಿ ಮಾತ್ರ ಕೊಡಿ, ಹಗಲು ಕೆಲಸ, ಸಂಜೆಗೆ ಹಾಸ್ಟೆಲ್ ಸೇರಬಹುದು' ಎಂದು ಬೇಡಿಕೊಳ್ಳುವ ಹೆತ್ತವರಿದ್ದಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಸುರಕ್ಷಿತ ವಾಹನ, ವಿಶ್ರಾಂತಿ ಕೊಠಡಿ ಕೇಳುವುದು ನ್ಯಾಯ. ಆದರೆ ಕಲಿಕೆಯಿಂದಲೇ ವಿನಾಯಿತಿ ಕೇಳುವುದು ಮಗಳಿಗೆ ಮಾಡುವ ಉಪಕಾರವಲ್ಲ. ರಾತ್ರಿ ವಾರ್ಡಿನಲ್ಲಿ ಕೈ ಕಪ್ಪಾಗುವುದನ್ನು ಕಂಡವಳಿಗಷ್ಟೇ ಹಗಲು ಒಪಿಡಿಯಲ್ಲಿ ಎಚ್ಚರಿಕೆಯ ಮಾತಿನ ಬೆಲೆ ತಿಳಿದೀತು. ಮದುವೆಯ ಮಾರುಕಟ್ಟೆಯಲ್ಲಿ ನರ್ಸಿಂಗ್ ಓದಿದವಳೆಂದು ಮೂಗು ಮುರಿಯುವವರಿಗೆ ಸಹಾಬಿ ಮಹಿಳೆ ರುಫೈದಾ ಅಸ್ಲಮಿಯ್ಯರನ್ನು ನೆನಪಿಸಬೇಕು. ಖಂದಕ್ ಯುದ್ಧದಲ್ಲಿ ಬಾಣ ತಗುಲಿದ ಸಅದ್ ಬಿನ್ ಮುಆದ್‌ರನ್ನು ಪ್ರವಾದಿವರ್ಯರು(ಸ) ಕಳಿಸಿದ್ದು ಮಸೀದಿಯ ಬಳಿಯಿದ್ದ ಆ ಮಹಿಳೆಯ ಡೇರೆಗೆ. ಯಾವ ಕೆಲಸಕ್ಕೆ ಮಸೀದಿಯ ಅಂಗಳದಲ್ಲಿ ಜಾಗವಿತ್ತೋ ಆ ಕೆಲಸಕ್ಕೆ ನಮ್ಮ ಮನೆಯ ನಡುಮನೆಯಲ್ಲಿ ಗೌರವವಿಲ್ಲವೆಂದರೆ ಏನೆನ್ನೋಣ?

ಸರಕಾರದ ಪಾಲೂ ಇದೆ. 1947ರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಅದೇ ವರ್ಷ ವೈದ್ಯಕೀಯ ಕಾಲೇಜುಗಳ ಜೊತೆಗೆ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಾಯ್ದೆ, ಕಟ್ಟಡಗಳ ಸಂಖ್ಯೆ ಬೆಳೆಯುವುದು ಒಳ್ಳೆಯದೇ. ಆದರೆ ತಪಾಸಣೆಗೆ ಬಂದವರು ಪ್ರಯೋಗಾಲಯದ ಗೊಂಬೆಗಳನ್ನು ಎಣಿಸಿ ಹೋಗದೆ, ಮುನ್ಸೂಚನೆಯಿಲ್ಲದೆ ಒಂದು ಬೆಳಗ್ಗೆ ಒಪಿಡಿಯ ಬಾಗಿಲಲ್ಲಿ ನಿಂತು ನೋಡುವಂತಾಗಬೇಕು. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ಕುರಿತು 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ರಚನೆಯಾದ ಸಮಿತಿ, ಸಣ್ಣ ಆಸ್ಪತ್ರೆಗಳಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತ್ತು. ಕಲಿಸಬೇಕಾದ ಹಿರಿಯ ನರ್ಸ್ ತಾನೇ ಶೋಷಣೆಗೊಳಗಾಗಿದ್ದರೆ ಕಿರಿಯಳಿಗೆ ಕಲಿಸುವ ಉತ್ಸಾಹ ಎಲ್ಲಿಂದ ಬರಬೇಕು?

ಪ್ರವೇಶದ ಋತು ಬಂದಾಗ ಹೆತ್ತವರು ಶುಲ್ಕದ ರಶೀದಿಗೆ ಕೈಯೊಡ್ಡುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಇಲ್ಲವಾದರೆ ಯಾವ ಆಸ್ಪತ್ರೆಯೊಂದಿಗೆ ಒಪ್ಪಂದವಿದೆ? ಒಂದು ವಿಭಾಗಕ್ಕೆ ಒಮ್ಮೆಗೆ ಎಷ್ಟು ವಿದ್ಯಾರ್ಥಿಗಳನ್ನು ಕಳಿಸಲಾಗುತ್ತದೆ? ಬೋಧಕಿ ಪೋಸ್ಟಿಂಗ್ ಮುಗಿಯುವವರೆಗೆ ಜೊತೆಗಿರುತ್ತಾರೆಯೇ? ಲಾಗ್ ಬುಕ್ಕಿಗೆ ಸಹಿ ಹಾಕುವವರು ಕೆಲಸವನ್ನು ಕಣ್ಣಾರೆ ನೋಡಿ ಹಾಕುತ್ತಾರೆಯೇ? ಮೊಹಲ್ಲಾ ಸಮಿತಿಗಳು, ವಿದ್ಯಾರ್ಥಿವೇತನ ನೀಡುವ ಟ್ರಸ್ಟ್‌ಗಳು ಹಣ ಕೊಡುವ ಮೊದಲು ಇದೇ ಪ್ರಶ್ನೆಗಳನ್ನು ಕಾಲೇಜಿಗೆ ಲಿಖಿತವಾಗಿ ಕೇಳಲಿ. ನೂರು ಮನೆಗಳು ಕೇಳಿದರೆ ಕಾಲೇಜುಗಳು ಉತ್ತರ ಹುಡುಕಲೇಬೇಕಾಗುತ್ತದೆ. ನಾಳೆ ನಮ್ಮದೇ ಮನೆಯ ಯಾರಾದರೂ ಮುರಿದ ಕೈ ಹಿಡಿದು ಆ ಸಾಲಿನಲ್ಲಿ ನಿಂತಾಗ, ಪಕ್ಕದಲ್ಲಿ ಬಂದು ಕೂರುವ ಹುಡುಗಿಗೆ ತನ್ನ ಕೆಲಸ ಗೊತ್ತಿರಬೇಕಾದರೆ ಆ ಪ್ರಶ್ನೆಗಳನ್ನು ಇಂದೇ ಕೇಳಬೇಕು.